ಹಗ್ಗ ಕಟ್ಟಿದರೂ ಎದೆ ಹೊಡೆದುಕೊಳ್ಳುತ್ತದೆ

ಬೇಸಿಗೆ ರಜೆ ಬಂತೆಂದರೆ ಮಂಡ್ಯ, ಪಾಂಡವಪುರದ ಕಡೆ ವಿ.ಸಿ. ನಾಲೆಯ ಸೇತುವೆಗಳ ಮೇಲೆ ಹುಡುಗರು ಸಾಲುಗಟ್ಟುತ್ತಾರೆ. ಒಬ್ಬ ನೆಗೆಯುತ್ತಾನೆ, ಇನ್ನೊಬ್ಬ ಮೊಬೈಲ್ ಹಿಡಿದಿರುತ್ತಾನೆ. ಅದೇ ವಯಸ್ಸಿನ ಇನ್ನು ಕೆಲವರು ಕುಂತಿಬೆಟ್ಟದ ಬಂಡೆಗೆ ಹಗ್ಗ ಕಟ್ಟಿ ಹತ್ತುತ್ತಾರೆ. ಎರಡೂ ಕಡೆ ಎಳೆದು ತರುವ ಆಸೆ ಒಂದೇ. ಬೈದರೆ ಅದು ಹೋಗುವುದಿಲ್ಲ, ಮನೆಯವರ ಕಣ್ಣು ತಪ್ಪಿಸುವುದನ್ನು ಕಲಿಯುತ್ತದೆ ಅಷ್ಟೇ. ತಪ್ಪು ಮಾಡಿದರೂ ಜೀವ ಉಳಿಯುವ ಜಾಗಕ್ಕೆ ಅದನ್ನು ಕರೆತರುವುದು ಮೇಲು.

ಈ ಸೆಳೆತಕ್ಕೆಲ್ಲ ‘ಅಡ್ರಿನಲಿನ್’ (ಭಯ, ಉದ್ರೇಕದಲ್ಲಿ ದೇಹ ಹೊರಬಿಡುವ ಹಾರ್ಮೋನು) ಎಂಬ ಒಂದೇ ಕಾರಣ ಕೊಟ್ಟು ಸುಮ್ಮನಾಗುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಜುಕರ್‌ಮನ್ 1960ರ ದಶಕದಲ್ಲೇ ರೋಮಾಂಚನದ ಹಂಬಲವನ್ನು ಅಳೆಯಲು ಹೊರಟಾಗ, ಸಾಹಸದ ಆಸೆಯ ಜೊತೆಗೆ ಬೇಸರ ತಡೆಯಲಾಗದ ಸ್ವಭಾವವನ್ನೂ ಲೆಕ್ಕಕ್ಕೆ ಹಿಡಿದರು. ಬೇಸರದ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಇನ್ನೊಂದು, ಜೊತೆಗಾರರು. ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿದ ಹದಿಹರೆಯದವರು ಗೆಳೆಯರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಸೇತುವೆಯ ಮೇಲೆ ಒಂಟಿಯಾಗಿ ನಿಂತ ಹುಡುಗ ಬಹುಮಟ್ಟಿಗೆ ನೆಗೆಯುವುದೇ ಇಲ್ಲ.

ನಾಲೆಯಲ್ಲಿ ಎತ್ತರಕ್ಕಿಂತ ಅಪಾಯ ನೀರಿನದು. 20 ಅಡಿಯಿಂದ ಬಿದ್ದರೆ ನೀರು ಮುಟ್ಟುವಾಗ ವೇಗ ಗಂಟೆಗೆ ಹತ್ತಿರ ಹತ್ತಿರ 40 ಕಿ.ಮೀ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವುದರಿಂದ ಹೋದ ವಾರ ಇದ್ದ ಆಳ ಈ ವಾರ ಇರುವುದಿಲ್ಲ. ಕಾಂಕ್ರೀಟ್ ಇಳಿಜಾರಿನ ದಡದಲ್ಲಿ ಪಾಚಿ. ಈಜು ಬಂದರೂ ಹಿಡಿದು ಮೇಲೆ ಬರಲು ಏನೂ ಸಿಗದು. ಒಂದೇ ತಪ್ಪು ಸಾಕು, ತಿದ್ದಿಕೊಳ್ಳಲು ಸಮಯವೇ ಇಲ್ಲ.

ಬಂಡೆಯಲ್ಲಿ ಆ ಸಮಯವನ್ನು ಹಗ್ಗ ಕೊಡುತ್ತದೆ. ಆದರೆ ಎಲ್ಲ ಹಗ್ಗವೂ ಅಲ್ಲ. ಹತ್ತಲು ಬೇಕಾದ್ದು ‘ಡೈನಮಿಕ್’ ಹಗ್ಗ, ದಪ್ಪ 9.5ರಿಂದ 10.5 ಮಿ.ಮೀ. ಬಿದ್ದಾಗ ಅದು ಹಿಗ್ಗಿ ಪೆಟ್ಟನ್ನು ತಾನು ನುಂಗುತ್ತದೆ. ಅಂಗಡಿಯ ನೈಲಾನ್ ಹಗ್ಗ, ಬಾವಿ ಹಗ್ಗ ತೂಕ ತಡೆದರೂ ಆ ಪೆಟ್ಟನ್ನು ಸೊಂಟಕ್ಕೂ ಮೇಲಿನ ಕಟ್ಟಿಗೂ ದಾಟಿಸಿಬಿಡುತ್ತವೆ. ಹೊಸಬರಿಗೆ ಹಗ್ಗ ಮೇಲಿನಿಂದಲೇ ಬರಬೇಕು. ಮೇಲೆ ಆ್ಯಂಕರ್‌ಗೆ (ಹಗ್ಗವನ್ನು ಹಿಡಿದಿಡುವ ನೆಲೆಗೆ) ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಆಧಾರ: ಬೇರು ಬಿಟ್ಟ ದೊಡ್ಡ ಮರ, ಬೋಲ್ಟ್, ಅಲ್ಲಾಡದ ಬಂಡೆ. ಎರಡರಿಂದ ಬರುವ ಪಟ್ಟಿಗಳ ನಡುವಿನ ಕೋನ 60 ಡಿಗ್ರಿಯೊಳಗಿದ್ದರೆ ಒಂದೊಂದರ ಮೇಲೂ ಹೆಚ್ಚೆಂದರೆ ಭಾರದ ಶೇ 58ರಷ್ಟು ಬೀಳುತ್ತದೆ. 120 ಡಿಗ್ರಿಗೆ ಹಿಗ್ಗಿಸಿದರೆ ಒಂದೊಂದೂ ಪೂರ್ತಿ ಭಾರ ಹೊರುತ್ತದೆ, ಎರಡು ಕಟ್ಟಿಯೂ ಲಾಭವಿಲ್ಲ. ಮೇಲಾಗಿ ಹಗ್ಗ ಆ್ಯಂಕರ್‌ನಲ್ಲಿ ಮಡಚಿ ಇಳಿಯುವುದರಿಂದ, ನೇತಾಡುವವನ ತೂಕದ ಒಂದೂವರೆಯಿಂದ ಎರಡು ಪಟ್ಟು ಅಲ್ಲಿ ಬೀಳುತ್ತದೆ. ಬಂಡೆಯ ಅಂಚಿಗೆ ಉಜ್ಜುವ ಕಡೆ ದಪ್ಪ ಗೋಣಿ ಅಥವಾ ಕಾರ್ಪೆಟ್ ತುಂಡು ಹಾಕಿ.

ಅವಘಡಗಳು ಹೆಚ್ಚಾಗಿ ಸಣ್ಣ ಮರೆವಿನಿಂದ ಆಗುತ್ತವೆ. ಎಂಟರ ಆಕಾರದ ಗಂಟು ಅರ್ಧ ಕಟ್ಟಿ ಮಾತಿಗೆ ನಿಲ್ಲುವುದು, ಮೈಗೆ ಬಿಗಿಯುವ ಹಾರ್ನೆಸ್‌ನ ಸೊಂಟದ ಪಟ್ಟಿ ಸೊಂಟದ ಮೂಳೆಯ ಕೆಳಗೆ ಜಾರಿರುವುದು, ಹಗ್ಗ ಸಿಕ್ಕಿಸುವ ಲೋಹದ ಕೊಂಡಿಯಾದ ಕ್ಯಾರಬೀನರ್‌ನ ತಿರುಪು ಮುಚ್ಚದಿರುವುದು. ಬಾಯಿ ಮುಚ್ಚಿದ ಒಳ್ಳೆಯ ಕ್ಯಾರಬೀನರ್ ಉದ್ದಕ್ಕೆ 20 ಕಿಲೋನ್ಯೂಟನ್ (ಸುಮಾರು ಎರಡು ಟನ್ ಭಾರ) ತಡೆದರೆ, ಬಾಯಿ ತೆರೆದಿದ್ದಾಗ ಅದರ ಅರ್ಧವೂ ಖಾತ್ರಿಯಿಲ್ಲ. ಗಂಟಿನಿಂದ ಉಳಿದ ಬಾಲ ಹಗ್ಗದ ದಪ್ಪದ ಹತ್ತರಷ್ಟು, ಅಂದರೆ ಸುಮಾರು 10 ಸೆಂ.ಮೀ. ಇರಲಿ. ಹಗ್ಗದ ಇನ್ನೊಂದು ತುದಿಗೂ ಗಂಟು ಬೇಕು: 60 ಮೀಟರ್ ಹಗ್ಗದಲ್ಲಿ 30 ಮೀಟರಿಗಿಂತ ಎತ್ತರದಿಂದ ಇಳಿಸಿದರೆ ತುದಿ ಬಿಲೇ ಸಾಧನದಿಂದ (ಕೆಳಗಿನವನು ಹಗ್ಗವನ್ನು ತಡೆದು ಬಿಡುವ ಸಾಧನ) ಜಾರಿ ಹೋಗುತ್ತದೆ. ಕೆಳಗೆ ಹಗ್ಗ ಹಿಡಿದವನ ಬ್ರೇಕ್ ಕೈ (ಹಗ್ಗ ತಡೆಯುವ ಕೈ), ಹತ್ತುವವನು ನೆಲ ಮುಟ್ಟುವ ತನಕ, ಹಗ್ಗ ಬಿಡಬಾರದು. ಫೋಟೊ ತೆಗೆಯಲು ಮೂರನೆಯವನಿರಲಿ.

ಇಷ್ಟೆಲ್ಲ ಕಟ್ಟಿಕೊಂಡು ಹತ್ತಿದರೆ ಮಜವೇನು ಎಂದು ಹುಡುಗರು ಕೇಳುತ್ತಾರೆ. ಹತ್ತಡಿ ಏರಲಿ, ಉತ್ತರ ಅಲ್ಲೇ ಸಿಗುತ್ತದೆ. ಹಗ್ಗ ಗಟ್ಟಿಯೆಂದು ಬುದ್ಧಿಗೆ ಗೊತ್ತು, ದೇಹಕ್ಕೆ ಗೊತ್ತಿಲ್ಲ. ಅಂಗೈ ಬೆವರುತ್ತದೆ, ತುದಿಗಾಲಲ್ಲಿ ಬಹಳ ಹೊತ್ತು ನಿಂತ ಕಾಲು ತಾನಾಗಿ ಗಡಗಡ ನಡುಗುತ್ತದೆ. ಹಿಮ್ಮಡಿ ಕೆಳಗಿಳಿಸಿ ಎರಡು ದೀರ್ಘ ಉಸಿರು ಬಿಟ್ಟರೆ ನಡುಕ ನಿಲ್ಲುತ್ತದೆ. ತನ್ನ ಭಯ ತನ್ನ ಮಾತು ಕೇಳಿದ ಆ ಗಳಿಗೆಗಾಗಿಯೇ ಅವರು ಮತ್ತೆ ಬರುವುದು.

ಅಮೆರಿಕದ ಬಂಡೆ ಹತ್ತುವ ಸಾಹಸಿ ಅಲೆಕ್ಸ್ ಹೊನೋಲ್ಡ್ 2017ರಲ್ಲಿ ಅಲ್ಲಿನ ಸುಮಾರು 900 ಮೀಟರಿನ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಹತ್ತಿದ ದೃಶ್ಯ ಎಲ್ಲರ ಮೊಬೈಲಿನಲ್ಲೂ ಇದೆ. ಅದಕ್ಕೂ ಮುಂಚೆ ಹಗ್ಗ ಕಟ್ಟಿಕೊಂಡು ಅದೇ ದಾರಿಯಲ್ಲಿ ಮಾಡಿದ ಅಭ್ಯಾಸವನ್ನು ಯಾರೂ ಶೇರ್ ಮಾಡುವುದಿಲ್ಲ.

ನಮ್ಮ ಬೆಟ್ಟಗಳಿಗೇ ಸೇರಿದ ಎರಡು ಮಾತು. ಏಪ್ರಿಲ್ ಬಿಸಿಲಿಗೆ ಕಾದ ಬಂಡೆಯಲ್ಲಿ ಬೆರಳು ಬೆವರಿ ಹಿಡಿತ ಸಡಿಲುತ್ತದೆ, ಆದ್ದರಿಂದ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ; ಮಳೆ ಬಿದ್ದ ದಿನ ನಯವಾದ ಇಳಿಜಾರು ಬಂಡೆಯ ಆಸೆ ಬಿಡಿ. ಹೆಜ್ಜೇನು ಇನ್ನೂ ಮುಖ್ಯ. ಕೊರಕಲಿನಡಿ ಗೂಡು ಕಂಡರೆ ಆ ದಾರಿ ಆ ದಿನಕ್ಕೆ ಇಲ್ಲ. ಸೆಂಟು ಹಾಕಬೇಡಿ, ಹೊಗೆ ಮಾಡಬೇಡಿ, ಕೂಗಾಡಬೇಡಿ. ಹಗ್ಗದಲ್ಲಿ ನೇತಾಡುವವನು ಓಡಲಾರ.

ಮಕ್ಕಳನ್ನು ಸಾಹಸ ಶಿಬಿರಕ್ಕೆ ಕಳಿಸುವ ಮುಂಚೆ ಅಪ್ಪ ಅಮ್ಮ ಒಂದು ಪ್ರಶ್ನೆ ಕೇಳಲಿ: ಹಗ್ಗ ಯಾವ ವರ್ಷದ್ದು? ಬಳಸದೆ ಇಟ್ಟ ಹಗ್ಗವನ್ನೂ ಹತ್ತು ವರ್ಷಕ್ಕೆ ತೆಗೆದುಹಾಕಬೇಕೆಂದು ತಯಾರಕರು ಹೇಳುತ್ತಾರೆ. ವಾರವಾರ ಬಳಸಿದ್ದಕ್ಕೆ ವರ್ಷವೇ ಹೆಚ್ಚು. ಹಗ್ಗದ ಬಳಕೆಯ ಲೆಕ್ಕ ಬರೆದ ಪುಸ್ತಕ ತೆಗೆದು ತೋರಿಸಿದರೆ ಹಣ ಕಟ್ಟಿ. ‘ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಸಾರ್’ ಎಂದರೆ ಬೇರೆ ಶಿಬಿರ ಹುಡುಕಿ.