ವರ್ಡ್ ಇರುವಾಗ ಕೈಪಿಡಿಯನ್ನು ಟೆಕ್ಸ್ಟ್ ಫೈಲಿನಲ್ಲಿ ಯಾಕೆ ಬರೆಯಬೇಕು?

ಪ್ರಶ್ನೆ: ನಾವು ಗೆಳೆಯರು ಸೇರಿ ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇವೆ. ಕೈಪಿಡಿ ವರ್ಡ್‌ನಲ್ಲಿದೆ. ಅದನ್ನು ಟೆಕ್ಸ್ಟ್ ಫೈಲಿಗೆ ಬದಲಾಯಿಸಿ ಅಂತಾರೆ. ಅಷ್ಟು ಕಷ್ಟ ಪಡಬೇಕಾ?

ಉತ್ತರ: ಖಂಡಿತ ಪಡಬೇಕು. ಕೈಪಿಡಿ ಇರಬೇಕಾದ್ದು ಕೋಡ್ ಪಕ್ಕದಲ್ಲಿ, ಅದೇ ಗಿಟ್ ರೆಪೊದಲ್ಲಿ, ಅಂದರೆ ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶದ ಫೋಲ್ಡರಿನಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಎಲ್ಲ ಬಗೆಗಳನ್ನೂ ಈಗ ಒಂದೇ ಸ್ಕ್ರೀನಿನಲ್ಲಿ ತುಂಬಿಸುತ್ತೀರಿ ಅಂತಿಟ್ಟುಕೊಳ್ಳಿ. ನಾಳೆ ಗೊರಬಲಿಗೆ ಬೇರೆ ಸ್ಕ್ರೀನ್ ಮಾಡಿದಿರಿ. ಕೋಡ್ ಬದಲಾದ ಕಮಿಟ್‌ನಲ್ಲೇ (ಗಿಟ್‌ನಲ್ಲಿ ಒಮ್ಮೆಗೆ ದಾಖಲಿಸುವ ಬದಲಾವಣೆಯಲ್ಲೇ) ಕೈಪಿಡಿಯ ಆ ಸಾಲೂ ಬದಲಾಗಬೇಕು, ಅಲ್ವಾ? ಟೆಕ್ಸ್ಟ್ ಆದರೆ ಯಾವ ಸಾಲು ಹೋಯ್ತು, ಯಾವುದು ಬಂತು ಅಂತ ಗಿಟ್ ತೋರಿಸುತ್ತದೆ. ಈಗಿನ ವರ್ಡ್ ಫೈಲ್ ಒಳಗೆ ಒಂದು ಜಿಪ್ ಫೈಲ್. ಏನೋ ಬದಲಾಗಿದೆ ಅನ್ನೋದು ಬಿಟ್ಟು ಗಿಟ್‌ಗೆ ಜಾಸ್ತಿ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಹೇಳುವುದು ಸ್ಫಿಂಕ್ಸ್, ಟೆಕ್ಸ್ಟ್ ಫೈಲುಗಳಿಂದ ಕೈಪಿಡಿ ತಯಾರಿಸುವ ತಂತ್ರಾಂಶ. ಪೈಥಾನ್ ಭಾಷೆಯ ಕೈಪಿಡಿಗೆಂದೇ ಗಿಯೋರ್ಗ್ ಬ್ರಾಂಡ್ಲ್ ಇದನ್ನು ಬರೆದು 2008ರಲ್ಲಿ ಹೊರತಂದರು. ನೀವು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ (ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಟೆಕ್ಸ್ಟ್ ಬರವಣಿಗೆಯ ಕ್ರಮ) ಬರೆಯುತ್ತೀರಿ, ಒಂದು ಆಜ್ಞೆ ಕೊಟ್ಟರೆ ಬ್ರೌಸರಿನಲ್ಲಿ ತೆರೆಯುವ ಎಚ್‌ಟಿಎಂಎಲ್ ಪುಟಗಳು ತಯಾರು. ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ಟವರ್ ಸಿಗದ ದಿನವೂ ಕೆಲಸ ಸಾಗುತ್ತದೆ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಮಂಡಿಯ ಕಂಪ್ಯೂಟರಿನಲ್ಲಿ ಹಾಗೇ ತೆರೆಯುತ್ತದೆ.

ಕನ್ನಡದಲ್ಲಿ ಬರೆಯುವವರು ಶೀರ್ಷಿಕೆಯ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಶೀರ್ಷಿಕೆಯ ಕೆಳಗೆ ಸಮ ಚಿಹ್ನೆಗಳ (=) ಗೆರೆ ಎಳೆಯಬೇಕು, ಅದು ಶೀರ್ಷಿಕೆಗಿಂತ ಗಿಡ್ಡ ಇರಬಾರದು. ‘ಗೊರಬಲು’ ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಒತ್ವ, ಉತ್ವಗಳನ್ನು ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ಬೇರೆ ಎಣಿಸುವುದರಿಂದ ಲೆಕ್ಕ 6 ಆಗುತ್ತದೆ. ನಾಲ್ಕೇ ಚಿಹ್ನೆ ಹಾಕಿದರೆ ‘ಗೆರೆ ಗಿಡ್ಡವಾಯಿತು’ ಎಂಬ ಎಚ್ಚರಿಕೆ ಬರುತ್ತದೆ. ಧಾರಾಳವಾಗಿ ಎಳೆಯಿರಿ, ಉದ್ದವಾದರೆ ತೊಂದರೆಯಿಲ್ಲ.

ಎಚ್ಚರಿಕೆ ಬಂದರೂ ಪುಟ ತಯಾರಾಗುತ್ತದೆ, ಹಾಗಾಗಿ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆಜ್ಞೆಗೆ ದೊಡ್ಡಕ್ಷರದ ‘ಡ್ಯಾಶ್ ಡಬ್ಲ್ಯೂ’ ಸೇರಿಸಿದರೆ ಪ್ರತಿ ಎಚ್ಚರಿಕೆಯೂ ತಪ್ಪು ಅಂತಲೇ ಲೆಕ್ಕ, ಬಿಲ್ಡ್ (ಪುಟ ತಯಾರಿಸುವ ಕೆಲಸ) ಫೇಲ್ ಆಗುತ್ತದೆ. ಹೆಸರು ಬದಲಾದ ಪುಟ ಸೂಚಿಯಲ್ಲಿ ಹಳೇ ಹೆಸರಲ್ಲೇ ಉಳಿದಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಪಿಡಿಎಫ್ ಬೇಕಾದರೆ ಸೆಟ್ಟಿಂಗ್ ಫೈಲಿನಲ್ಲಿ ಪಿಡಿಎಫ್ ಸಿದ್ಧಪಡಿಸುವ ಲೇಟೆಕ್ ಎಂಜಿನ್ ‘ಜೀಲೇಟೆಕ್’ (xelatex) ಅಂತ ಬದಲಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಕೊಡಿ.

ಈಗಿರುವ ವರ್ಡ್ ಫೈಲನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಪ್ಯಾಂಡಾಕ್ ಎಂಬ ತಂತ್ರಾಂಶ ಅದನ್ನು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್‌ಗೆ ಬದಲಿಸಿ ಕೊಡುತ್ತದೆ, ಹೇಳಿದರೆ ಚಿತ್ರಗಳನ್ನೂ ಬೇರೆ ಫೋಲ್ಡರಿಗೆ ತೆಗೆದಿಡುತ್ತದೆ. ಟೇಬಲ್‌ಗಳನ್ನು ಮಾತ್ರ ಒಂದೊಂದಾಗಿ ನೋಡಿ ಸರಿಮಾಡಿಕೊಳ್ಳಿ.