ಮೊದಲು ಬಂದ 4ಎಸ್ ಮೊದಲು ಹೊರಡುವುದು ಯಾಕೆ?

ಪಿಯುಸಿ ತರಗತಿಯಲ್ಲಿ ಪ್ರತಿ ವರ್ಷ ನಾನು ಕಾಯುವ ಪ್ರಶ್ನೆ ಒಂದಿದೆ. "ಸಾರ್, 4ಎಸ್ ಮೊದಲು ತುಂಬುತ್ತೆ, ಆಮೇಲೆ 3ಡಿ ಅಂದ್ರಿ. ಹಾಗಾದ್ರೆ ಕಬ್ಬಿಣ ಅಯಾನು ಆಗುವಾಗ 4ಎಸ್ ಎಲೆಕ್ಟ್ರಾನೇ ಮೊದಲು ಹೋಗೋದು ಯಾಕೆ?" (4ಎಸ್, 3ಡಿ ಅಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳು ಇರುವ ಜಾಗಗಳು, ಒಂದೊಂದಕ್ಕೂ ತನ್ನದೇ ಶಕ್ತಿಯ ಮಟ್ಟ. ಇಲ್ಲಿ ಅಯಾನು ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು.) ಯಾರಾದರೂ ಹೀಗೆ ಕೇಳಿದರೆ ಅವತ್ತಿನ ಪಾಠವನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಯಾಕೆಂದರೆ ನಾವು ಬಾಯಿಪಾಠ ಮಾಡಿಸುವ ಆಫ್‌ಬೌ ನಿಯಮ, ಅಂದರೆ ಎಲೆಕ್ಟ್ರಾನ್‌ಗಳು ಕೆಳಗಿನ ಮಟ್ಟದಿಂದ ಮೇಲಕ್ಕೆ ತುಂಬುತ್ತಾ ಹೋಗುತ್ತವೆ ಎನ್ನುವುದು, ಅರ್ಧ ಕತೆ ಮಾತ್ರ.

ಪೊಟ್ಯಾಸಿಯಂ ನೋಡಿ. ಅದರ 19 ಎಲೆಕ್ಟ್ರಾನ್‌ಗಳಲ್ಲಿ 18 ಆರ್ಗಾನ್‌ನಲ್ಲಿ ಇರುವ ಹಾಗೆಯೇ ಕೂತಿವೆ. ಉಳಿದ ಒಂದಕ್ಕೆ 3ಡಿಯೂ ಖಾಲಿ, 4ಎಸ್ ಕೂಡ ಖಾಲಿ. 4ಎಸ್ ಎಲೆಕ್ಟ್ರಾನ್ ಸಿಗುವ ಸಂಭವ ಹೊರಗಡೆಯೇ ಜಾಸ್ತಿ. ಆದರೂ ಅದರ ಒಂದು ಸಣ್ಣ ಪಾಲು ಒಳಗಿನ ಎಲೆಕ್ಟ್ರಾನ್‌ಗಳನ್ನು ದಾಟಿ ನ್ಯೂಕ್ಲಿಯಸ್ ಹತ್ತಿರದವರೆಗೂ ಹಬ್ಬಿರುತ್ತದೆ. ಅಲ್ಲಿ ಸೆಳೆತ ಜೋರು. 3ಡಿ ಅಷ್ಟು ಒಳಗೆ ಹೋಗುವುದಿಲ್ಲ. ಆ 18 ಎಲೆಕ್ಟ್ರಾನ್‌ಗಳು ಅಡ್ಡ ನಿಂತು, 19 ಪ್ರೋಟಾನ್ ಇದ್ದರೂ ಒಂದೇ ಇದ್ದಷ್ಟು ಸೆಳೆತ ಅದಕ್ಕೆ ತಾಗುತ್ತದೆ. ಹಾಗಾಗಿ ಇಲ್ಲಿ 4ಎಸ್ ಕೆಳಗಿನ ಮಟ್ಟ.

ಆದರೆ ಈ ಮಟ್ಟಗಳು ಗೋಡೆಗೆ ಹೊಡೆದ ಮೊಳೆಗಳಲ್ಲ. ಪ್ರೋಟಾನ್ ಹೆಚ್ಚಾದಂತೆ ಅವೂ ಸರಿಯುತ್ತವೆ. 21ನೆಯ ಧಾತು ಸ್ಕ್ಯಾಂಡಿಯಂಗೆ ಬರುವಷ್ಟರಲ್ಲಿ 3ಡಿ ಒಳಕ್ಕೆ ಕುಗ್ಗಿ, 4ಎಸ್‌ಗಿಂತ ಕೆಳಗಿಳಿದಿರುತ್ತದೆ. ಹಾಗಾದರೆ ಮೂರೂ ಎಲೆಕ್ಟ್ರಾನ್ 3ಡಿಗೇ ಹೋಗಬೇಕಿತ್ತು, ಅಲ್ವಾ? ಹೋಗುವುದಿಲ್ಲ. 3ಡಿ ಇಕ್ಕಟ್ಟಿನ ಜಾಗ, ಅಲ್ಲಿ ಸೇರಿದ ಎಲೆಕ್ಟ್ರಾನ್‌ಗಳು ಒಂದನ್ನೊಂದು ಬಲವಾಗಿ ತಳ್ಳುತ್ತವೆ. ಅದಕ್ಕೇ ಒಂದು 3ಡಿಯಲ್ಲಿ, ಎರಡು ವಿಶಾಲವಾದ 4ಎಸ್‌ನಲ್ಲಿ. ಒಂದೊಂದೇ ಎಲೆಕ್ಟ್ರಾನ್ ಕಿತ್ತಾಗ ಮೊದಲು ಹೋಗುವುದು 4ಎಸ್‌ನ ಎರಡು. ಕೊನೆಗೆ ಉಳಿಯುವುದು 3ಡಿಯ ಒಂದು. ವರ್ಣಪಟಲದಲ್ಲಿ, ಅಂದರೆ ಪರಮಾಣು ಹೊರಸೂಸುವ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ, ಇದು ಸ್ಪಷ್ಟವಾಗಿ ಕಾಣುತ್ತದೆ.

ಕ್ರೋಮಿಯಂ 3ಡಿಯಲ್ಲಿ 5 (ಅಲ್ಲಿ ಹಿಡಿಸುವುದರ ಅರ್ಧ), 4ಎಸ್‌ನಲ್ಲಿ 1 ಇಟ್ಟುಕೊಂಡಿದೆ. "ಅರ್ಧ ತುಂಬಿದರೆ ಸ್ಥಿರತೆ" ಎಂದು ಸುಮ್ನೆ ಬರೆದು ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದೇ ಗುಂಪಿನ ಟಂಗ್‌ಸ್ಟನ್ 5ಡಿಯಲ್ಲಿ 4, 6ಎಸ್‌ನಲ್ಲಿ 2 ಇಟ್ಟುಕೊಂಡಿದೆಯಲ್ಲ! ಇಲ್ಲಿ ಎರಡು ಮಟ್ಟಗಳ ಅಂತರ ಬಹಳ ಕಡಿಮೆ. ಜೋಡಿಯಾಗುವುದಕ್ಕೆ ಎಷ್ಟು ಶಕ್ತಿ ಬೇಕು, ಒಂದೇ ಸ್ಪಿನ್‌ನಲ್ಲಿ (ಸ್ಪಿನ್ ಅಂದರೆ ಎಲೆಕ್ಟ್ರಾನ್‌ನ ಒಂದು ಸಹಜ ಗುಣ, ಅದಕ್ಕೆ ಎರಡೇ ದಿಕ್ಕು) ಉಳಿದರೆ ಎಷ್ಟು ಉಳಿತಾಯ, ಎಲ್ಲ ಕೂಡಿಸಿಯೇ ಲೆಕ್ಕ ಹಾಕಬೇಕು.

ಇನ್ನು ಕಬ್ಬಿಣ. ಎಲೆಕ್ಟ್ರಾನ್ ವಿನ್ಯಾಸ (ಯಾವ ಮಟ್ಟದಲ್ಲಿ ಎಷ್ಟು ಎಂಬ ಪಟ್ಟಿ) ಬರೆಯುವಾಗ 3ಡಿ ಮೊದಲು ಬರೆಯಿರಿ, 4ಎಸ್ ಕೊನೆಗೆ. ತೆಗೆಯುವಾಗ ಕೊನೆಯಿಂದ ತೆಗೆಯಿರಿ. ಎರಡು ಹೋದರೆ 3ಡಿಯಲ್ಲಿ 6 ಉಳಿಯುತ್ತವೆ. ಇನ್ನೊಂದು ಬೇಕೆಂದರೆ ಆಗಷ್ಟೇ 3ಡಿಗೆ ಕೈ ಹಾಕಬೇಕು. ಆ 5 ಉಳಿದ ಕಬ್ಬಿಣವೇ ನಮ್ಮ ಗೇಟಿನ ಮೇಲಿನ ಕೆಂಪು ತುಕ್ಕಿನಲ್ಲಿರುವುದು.