ತಗಡಿನ ಹಟ

ಒಂದು ಪೇಪರ್ ಕ್ಲಿಪ್ ತೆಗೆದುಕೊಳ್ಳಿ. ಬಿಚ್ಚಿ ನೆಟ್ಟಗೆ ಮಾಡಿ. ಈಗ ಅದನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಮೂಲೆಗೆ ಸರಿಯಾಗಿ ಕೂರುವ ಹಾಗೆ 90 ಡಿಗ್ರಿಗೆ ಬಗ್ಗಿಸಿ. ಬೆರಳು ತೆಗೆಯಿರಿ. ತಂತಿ ಮೇಜಿನಿಂದ ಚೂರು ದೂರ ಸರಿದು ನಿಂತಿತು, ಅಲ್ವಾ? ನೀವು ಬಗ್ಗಿಸಿದ್ದು ಒಂದು ಕೋನ, ಕೈಗೆ ಸಿಕ್ಕಿದ್ದು ಇನ್ನೊಂದು.

ಹೀಗೆ ವಾಪಸ್ ಬರುವುದಕ್ಕೆ ಕಾರ್ಖಾನೆಗಳಲ್ಲಿ ಸ್ಪ್ರಿಂಗ್‌ಬ್ಯಾಕ್ ಅನ್ನುತ್ತಾರೆ. ಕಾರಿನ ಬಾಗಿಲು, ಫ್ರಿಜ್ಜಿನ ಮೈ, ಲಿಫ್ಟಿನ ಗೋಡೆ, ಕಂಪ್ಯೂಟರಿನ ಪೆಟ್ಟಿಗೆ, ಇವೆಲ್ಲ ಚಪ್ಪಟೆ ತಗಡಾಗಿಯೇ ಹುಟ್ಟಿದವು. ಅವುಗಳ ಒಂದೊಂದು ಮಡಿಕೆಯಲ್ಲೂ ತಗಡು ಈ ಹಟ ಮಾಡಿರುತ್ತದೆ. ತಗಡಿನ ಕೆಲಸದ ಆಟೊಮೇಷನ್ ಬಗ್ಗೆ ಮಾತಾಡುವವರು ಈ ಹಟವನ್ನು ಮರೆತೇ ಬಿಡುತ್ತಾರೆ. ನನ್ನ ಬೇಸರ ಅದೇ.

ಆಟೊಮೇಷನ್ ಅಂದ ಕೂಡಲೇ ಎಲ್ಲರ ಕಣ್ಣಿಗೂ ರೋಬೋಟಿನ ಕೈ ಬರುತ್ತದೆ. ಎತ್ತುತ್ತದೆ, ತಿರುಗಿಸುತ್ತದೆ, ಇಡುತ್ತದೆ. ನಿಜ, ಆ ಪದ ಬಳಕೆಗೆ ಬಂದಿದ್ದೇ ಎತ್ತಿ ಇಡುವ ಕೆಲಸದ ಜೊತೆಗೆ. 1947ರಲ್ಲಿ ಫೋರ್ಡ್ ಕಂಪನಿ ಆಟೊಮೇಷನ್ ವಿಭಾಗ ಅಂತಲೇ ಒಂದನ್ನು ಶುರು ಮಾಡಿತು. ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಭಾಗಗಳನ್ನು ತಾನಾಗಿ ಸಾಗಿಸುವುದು ಅದರ ಮುಖ್ಯ ಕೆಲಸ. 1961ರಲ್ಲಿ ಜನರಲ್ ಮೋಟಾರ್ಸ್‌ನ ನ್ಯೂಜೆರ್ಸಿ ಕಾರ್ಖಾನೆಯಲ್ಲಿ ಯೂನಿಮೇಟ್ ಎಂಬ ರೋಬೋಟ್ ಅಚ್ಚಿನಿಂದ ಬಿಸಿ ಬಿಸಿ ಲೋಹದ ಭಾಗಗಳನ್ನು ಎತ್ತಿ ಇಡಲು ಶುರು ಮಾಡಿತು. ಎತ್ತಿ ಇಡುವ ಸಮಸ್ಯೆ ಬಗೆಹರಿದು 60 ವರ್ಷ ದಾಟಿತು. ಬಗ್ಗಿಸುವ ಸಮಸ್ಯೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ಯಾಕೆಂದರೆ ಜನ ನಂಬಿರುವ ಒಂದು ಮಾತು ಅರ್ಧ ಸುಳ್ಳು. ಯಂತ್ರ ಪ್ರತಿ ಸಲ ಒಂದೇ ಥರ ಒತ್ತುತ್ತದೆ, ಆದ್ದರಿಂದ ಪ್ರತಿ ತುಂಡೂ ಒಂದೇ ಥರ ಬರುತ್ತದೆ ಅನ್ನೋದು ಆ ಮಾತು. ಒಂದೇ ಥರ ಒತ್ತುವುದು ನಿಜ. ತುಂಡು ಒಂದೇ ಥರ ಬರುತ್ತದೆ ಅನ್ನೋದು ಸುಳ್ಳು.

ಬಗ್ಗುವಾಗ ತಗಡಿನೊಳಗೆ ಏನಾಗುತ್ತದೆ ನೋಡಿ. ಮಡಿಕೆಯ ಹೊರ ಮೈ ಹಿಗ್ಗುತ್ತದೆ, ಒಳ ಮೈ ಕುಗ್ಗುತ್ತದೆ. ಇವೆರಡರ ನಡುವೆ ಹಿಗ್ಗೂ ಇಲ್ಲದ ಕುಗ್ಗೂ ಇಲ್ಲದ ಒಂದು ಪದರ ಇರುತ್ತದೆ. ಹೊರಗಿನ, ಒಳಗಿನ ಪದರಗಳು ಬಲಕ್ಕೆ ಸೋತು ಶಾಶ್ವತವಾಗಿ ಆಕಾರ ಬದಲಿಸಿಕೊಂಡಿವೆ. ನಡುವಿನ ಭಾಗ ಮಾತ್ರ ಸೋತಿಲ್ಲ. ಎರಡು ಹದವಾದ ಮಣ್ಣಿನ ಪಟ್ಟಿಗಳ ನಡುವೆ ಒಂದು ರಬ್ಬರ್ ಪಟ್ಟಿ ಇಟ್ಟು ಬಗ್ಗಿಸಿದ ಹಾಗೆ. ಮಣ್ಣು ಹೇಳಿದ ಮಾತು ಕೇಳುತ್ತದೆ, ರಬ್ಬರ್ ಮನೆಗೆ ಹೋಗುತ್ತೇನೆ ಅನ್ನುತ್ತದೆ. ಹೊಸ ಪುಸ್ತಕವನ್ನು ಪೂರ್ತಿ ಬಿಡಿಸಿ ಮೇಜಿನ ಮೇಲೆ ಒತ್ತಿ, ಕೈ ಬಿಟ್ಟರೆ ರಟ್ಟು ತಾನಾಗಿ ಅರ್ಧ ಮೇಲೇಳುವುದಿಲ್ಲವೇ, ಹಾಗೆ. ಆದರೆ ಈ ಎರಡೂ ಹೋಲಿಕೆ ಪೂರ್ತಿ ಸಾಲದು. ಸೋತ ಪದರಗಳಲ್ಲೂ ಒಂದಿಷ್ಟು ಸ್ಪ್ರಿಂಗ್ ಗುಣ ಉಳಿದಿರುತ್ತದೆ. ಹಗ್ಗ ಜಗ್ಗಾಟದಲ್ಲಿ ಸೋತವರೂ ಹಗ್ಗ ಬಿಡುವ ತನಕ ಜಗ್ಗುತ್ತಲೇ ಇರುತ್ತಾರಲ್ಲ, ಹಾಗೆ. ಒತ್ತುವ ಬಲ ತೆಗೆದ ಕ್ಷಣ ಇಡೀ ತಗಡು ಒಟ್ಟಿಗೆ ಒಂದು ಸಲ ಸಡಿಲಾಗುತ್ತದೆ.

ಎಷ್ಟು ಸಡಿಲಾಗುತ್ತದೆ? ಇಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬರುತ್ತಾನೆ. 1676ರಲ್ಲಿ ಅವನು ತನ್ನ ನಿಯಮವನ್ನು ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡುಹಿಡಿದದ್ದು ನಾನೇ ಅಂತ ದಾಖಲೆಯೂ ಇರಬೇಕು, ಅದಕ್ಕೆ. 1678ರಲ್ಲಿ ಒಗಟು ಬಿಡಿಸಿದ: ಎಷ್ಟು ಹಿಗ್ಗೋ ಅಷ್ಟು ಬಲ. ಲೋಹ ಒಂದು ಮಿತಿ ದಾಟಿದ ಮೇಲೆ ಈ ನಿಯಮಕ್ಕೆ ಕೆಲಸ ಇಲ್ಲ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದರ ಆಚೆಗಿದೆ. ಮಿತಿ ದಾಟಿದ ಲೋಹದ ಮೇಲಿನ ಬಲವನ್ನು ಬಿಟ್ಟಾಗ, ಅದು ವಾಪಸ್ ಬರುವ ದಾರಿಯಲ್ಲಿ ಮತ್ತೆ ಹುಕ್ ನಿಯಮವನ್ನೇ ಹಿಡಿಯುತ್ತದೆ. ಹೋಗುವಾಗ ದಾರಿ ತಪ್ಪಿದ್ದು ಬರುವಾಗ ನೆಟ್ಟಗೆ ಬರುತ್ತದೆ. ಹಾಗಾಗಿ ಲೋಹ ಎಷ್ಟು ಗಟ್ಟಿಯೋ ಅಷ್ಟು ಜಾಸ್ತಿ ವಾಪಸ್ ಬರುತ್ತದೆ, ಎಷ್ಟು ಬಿಗಿಯೋ ಅಷ್ಟು ಕಮ್ಮಿ. ಗಟ್ಟಿ ಅಂದರೆ ಶಾಶ್ವತವಾಗಿ ಆಕಾರ ಬದಲಿಸಲು ಜಾಸ್ತಿ ಬಲ ಕೇಳುವುದು, ಬಿಗಿ ಅಂದರೆ ಸ್ಪ್ರಿಂಗಿನಂತೆ ಚೂರು ಹಿಗ್ಗಲೂ ಜಾಸ್ತಿ ಬಲ ಕೇಳುವುದು. ಬಿಗಿತದ ಲೆಕ್ಕದಲ್ಲಿ ಉಕ್ಕು ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂ ಸುಮಾರು 70. ಅಂದರೆ ಅಷ್ಟೇ ಗಟ್ಟಿಯ ಅಲ್ಯೂಮಿನಿಯಂ ತಗಡು ಉಕ್ಕಿಗಿಂತ ಹೆಚ್ಚು ಕಮ್ಮಿ ಮೂರು ಪಟ್ಟು ವಾಪಸ್ ಬರುತ್ತದೆ. ಕಾರು ಹಗುರ ಮಾಡಲು ಅಲ್ಯೂಮಿನಿಯಂ ಬಳಸಿದರೂ ಕಷ್ಟ. ತೆಳುವಾದ ಆದರೆ ಹೆಚ್ಚು ಗಟ್ಟಿಯಾದ ಉಕ್ಕು ಬಳಸಿದರೂ ಕಷ್ಟ. ಎರಡೂ ದಾರಿಯಲ್ಲಿ ಹಟ ಜಾಸ್ತಿಯೇ.

ಈಗ ಯಂತ್ರದ ಹತ್ತಿರ ಹೋಗೋಣ. ತಗಡು ಬಗ್ಗಿಸುವ ಯಂತ್ರಕ್ಕೆ ಪ್ರೆಸ್ ಬ್ರೇಕ್ ಅನ್ನುತ್ತಾರೆ. ಅದರಲ್ಲಿ ಕೆಳಗೆ ವಿ ಆಕಾರದ ಅಚ್ಚು, ಮೇಲಿನಿಂದ ಇಳಿಯುವ ಚೂಪು ಪಂಚ್, ನಡುವೆ ತಗಡು. ಪಂಚ್ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಮೇಲೆ ಕೋನ. 2 ಮಿ.ಮೀ. ತಗಡಿಗೆ 16 ಮಿ.ಮೀ. ಅಗಲದ ಅಚ್ಚು ಅಂದುಕೊಳ್ಳಿ. 90 ಡಿಗ್ರಿಯ ಹತ್ತಿರ ಪಂಚ್ 0.1 ಮಿ.ಮೀ. ಆಚೀಚೆಯಾದರೆ ಕೋನ ಸುಮಾರು 0.7 ಡಿಗ್ರಿ ತಪ್ಪುತ್ತದೆ. ಒಂದು ಕಾಗದದ ಹಾಳೆಯ ದಪ್ಪ ಅಷ್ಟೇ! ಮಡಿಕೆಯ ರೆಕ್ಕೆ 300 ಮಿ.ಮೀ. ಉದ್ದ ಇದ್ದರೆ ಅದರ ತುದಿ ಮೂರೂವರೆ ಮಿ.ಮೀ.ಗಿಂತ ಜಾಸ್ತಿ ಅಲ್ಲಾಡಿತು. ಬಾಗಿಲು ಮುಚ್ಚುವುದಿಲ್ಲ. ತಗಡಿನ ದಪ್ಪವೇ ಅಷ್ಟು ಹೆಚ್ಚು ಕಮ್ಮಿ ಇರಬಹುದು. ಒಂದು ಸುರುಳಿಯ ಉಕ್ಕು ಇನ್ನೊಂದಕ್ಕಿಂತ ಗಟ್ಟಿ ಇರಬಹುದು. ತಗಡನ್ನು ಉರುಳೆಗಳ ನಡುವೆ ಒತ್ತಿ ತೆಳುವಾಗಿಸಿದ ದಿಕ್ಕಿಗೆ ಬಗ್ಗಿಸಿದರೆ ಒಂದು ಥರ, ಅಡ್ಡಕ್ಕೆ ಬಗ್ಗಿಸಿದರೆ ಇನ್ನೊಂದು ಥರ. ಸಾಲದ್ದಕ್ಕೆ ಯಂತ್ರವೂ ಬಗ್ಗುತ್ತದೆ. ಎರಡು ತುದಿಯಲ್ಲಿ ಒತ್ತುವ ಉದ್ದನೆಯ ತೊಲೆ ನಡುವೆ ಕೂದಲೆಳೆಯಷ್ಟು ಮೇಲಕ್ಕೆ ಉಬ್ಬಿ, ನಡುವಿನ ಕೋನ ಸಡಿಲ ಬರುತ್ತದೆ. ಅದಕ್ಕೇ ಕೆಳಗಿನ ಮೇಜನ್ನು ಮೊದಲೇ ನಡುವೆ ಸ್ವಲ್ಪ ಎತ್ತರಿಸಿರುತ್ತಾರೆ.

ಅನುಭವಿ ಕೆಲಸಗಾರ ಇದನ್ನೆಲ್ಲ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಒಂದು ಚೂರು ತಗಡು ಬಗ್ಗಿಸುತ್ತಾನೆ, ಕೋನಮಾಪಕ ಇಡುತ್ತಾನೆ, ಎರಡು ಡಿಗ್ರಿ ಜಾಸ್ತಿ ಒತ್ತುತ್ತಾನೆ, ಮತ್ತೆ ನೋಡುತ್ತಾನೆ. ಇದಕ್ಕೆ ಕೈಗುಣ ಅಂತ ಹೆಸರಿಟ್ಟು ಕೈ ಮುಗಿದು ಸುಮ್ಮನಾಗುವವರು ಬಹಳ. ನಿನ್ನೆ ಸರಿ ಬರುತ್ತಿದ್ದ ಕೋನ ಇವತ್ತು ತಪ್ಪಿದರೆ ಟೈಮ್ ಸರಿಯಿಲ್ಲ ಅನ್ನುವವರೂ ಇದ್ದಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಹೊಸ ಸುರುಳಿ ಬಂದಿರುತ್ತದೆ, ಅಷ್ಟೇ. ಕೈಗುಣದೊಳಗೆ ಇರುವುದು ಮೂರು ಕೆಲಸ: ಮಾಡು, ನೋಡು, ತಿದ್ದು.

ನಿಜವಾದ ಆಟೊಮೇಷನ್ ಈ ಮೂರನ್ನೂ ಕಲಿತದ್ದು. ಇಂಥ ಪ್ರೆಸ್ ಬ್ರೇಕ್ ಕೆಲಸ ಮಾಡುವುದನ್ನು ನಿಧಾನಕ್ಕೆ ನೋಡಿ. ಪಂಚ್ ಇಳಿಯುತ್ತದೆ, ಬೇಕಾದ ಕೋನಕ್ಕೆ ಚೂರು ಮೊದಲೇ ನಿಲ್ಲುತ್ತದೆ. ಲೇಸರ್ ಎರಡೂ ರೆಕ್ಕೆಗಳ ಕೋನ ಅಳೆಯುತ್ತದೆ. ಪಂಚ್ ಸ್ವಲ್ಪ ಮೇಲೆದ್ದು ಒತ್ತಡ ಬಿಡುತ್ತದೆ. ತಗಡು ತನ್ನ ಹಟ ತೋರಿಸುತ್ತದೆ. ಲೇಸರ್ ಮತ್ತೆ ಅಳೆಯುತ್ತದೆ. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಈ ತುಂಡಿನ, ಈ ಜಾಗದ ಸ್ಪ್ರಿಂಗ್‌ಬ್ಯಾಕ್. ಈಗ ಅಷ್ಟನ್ನು ಸೇರಿಸಿ ಕೊನೆಯ ಸಲ ಒತ್ತು. ಎಲ್ಲ ಮುಗಿಯಲು ಕೆಲವೇ ಕ್ಷಣ ಸಾಕು. ಒತ್ತುವಾಗ ಬೇಕಾದ ಬಲ ಹೇಗೆ ಏರುತ್ತದೆ ಅನ್ನೋದನ್ನು ನೋಡಿಯೇ ತಗಡಿನ ದಪ್ಪ, ಗಟ್ಟಿತನ ಅಂದಾಜು ಮಾಡುವ ಯಂತ್ರಗಳೂ ಇವೆ.

ಎತ್ತಿ ಇಡುವುದರಲ್ಲೂ ಒಂದು ಸೂಕ್ಷ್ಮ ಇದೆ, ಹೇಳದೆ ಇರಲಾರೆ. ತುಕ್ಕು ಹಿಡಿಯದಿರಲಿ ಅಂತ ತಗಡಿಗೆ ಎಣ್ಣೆ ಸವರಿರುತ್ತಾರೆ. ಎಣ್ಣೆಯಿಂದ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೆ ಎದ್ದರೆ, ಭಾರಿ ಬೆಲೆಯ ಅಚ್ಚು ಒಂದೇ ಏಟಿಗೆ ಹಾಳು. ಅದಕ್ಕೆ ಉಕ್ಕಿನ ಹಾಳೆಗಳ ರಾಶಿಯ ಪಕ್ಕದಲ್ಲಿ ಬಲವಾದ ಅಯಸ್ಕಾಂತ ಇಡುತ್ತಾರೆ. ಎಲ್ಲ ಹಾಳೆಗಳ ಅಂಚಿಗೂ ಒಂದೇ ಧ್ರುವ ಬರುತ್ತದೆ. ಒಂದೇ ಧ್ರುವಗಳು ದೂರ ತಳ್ಳುತ್ತವಲ್ಲ, ಮೇಲಿನ ಹಾಳೆಗಳ ಅಂಚು ಬೀಸಣಿಗೆಯಂತೆ ಬಿಡಿಸಿಕೊಂಡು ಗಾಳಿಯಲ್ಲಿ ತೇಲುತ್ತದೆ. ಅಲ್ಯೂಮಿನಿಯಂಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಅಂಚಿಗೆ ಗಾಳಿ ಊದಿ ಬಿಡಿಸುತ್ತಾರೆ.

ಹಟವನ್ನು ಅಳೆದು ತಿದ್ದುವ ಬದಲು ಬೇರು ಸಮೇತ ಕಿತ್ತುಹಾಕುವ ದಾರಿಯೂ ಒಂದಿದೆ. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಹುಟ್ಟಿದ್ದು. ಬೋರಾನ್ ಬೆರೆಸಿದ ಉಕ್ಕಿನ ತಗಡನ್ನು 900 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸುತ್ತಾರೆ. ಕೆಂಪಗೆ ಕಾದ ತಗಡು ಮೆತ್ತಗಿರುತ್ತದೆ, ಸ್ಪ್ರಿಂಗ್ ಶಕ್ತಿ ಹಿಡಿದಿಡುವ ತಾಕತ್ತೇ ಇರುವುದಿಲ್ಲ. ಗಾಳಿಯಲ್ಲಿ ತಣಿಯುವ ಮೊದಲೇ ರೋಬೋಟ್ ಕೆಲವೇ ಸೆಕೆಂಡಿನಲ್ಲಿ ಅದನ್ನು ಕುಲುಮೆಯಿಂದ ಅಚ್ಚಿಗೆ ಇಡಬೇಕು. ಇಲ್ಲಿ ಮಾತ್ರ ಆ ಕೈ ಇಲ್ಲದೆ ಆಗುವುದೇ ಇಲ್ಲ. ಒಳಗೆ ನೀರು ಹರಿಯುವ ಅಚ್ಚು ತಗಡನ್ನು ಹಿಡಿದುಕೊಂಡೇ ತಣಿಸುತ್ತದೆ. ಹೊರಬಂದಾಗ ಅದರ ಬಲ ಸುಮಾರು 1500 ಮೆಗಾಪಾಸ್ಕಲ್. ಕಾರು ಡಿಕ್ಕಿಯಾದಾಗ ಒಳಗಿನವರನ್ನು ಕಾಯುವ ಕಂಬಗಳು ಹೀಗೇ ತಯಾರಾಗುತ್ತವೆ. ಸ್ಪ್ರಿಂಗ್‌ಬ್ಯಾಕ್ ಹತ್ತಿರ ಹತ್ತಿರ ಸೊನ್ನೆ. ಆದರೆ ಆಕಾರ ತಪ್ಪಿದರೆ ಮತ್ತೆ ಬಗ್ಗಿಸಿ ಸರಿ ಮಾಡಲಾಗದು. ಅಂಚು ಕತ್ತರಿಸಲು ಹೋದರೆ ಮಾಮೂಲಿ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ, ಹಾಗಾಗಿ ಅದಕ್ಕೂ ಲೇಸರನ್ನೇ ಕರೆಯುತ್ತಾರೆ.